ಹಾರಬೇಕಿದ್ದ ಚಾವಣಿ

ನಮ್ಮ ಭಾವ ಯಾರ ಮುಖವನ್ನೂ ನೋಡಿ ಮಾತಾಡಿದವನಲ್ಲ. ಯಾರ ಮನೆಗೆ ಹೋದರೂ ಹೊಸಿಲು ದಾಟಿದ ಕೂಡಲೇ ಕತ್ತೆತ್ತಿ ಚಾವಣಿ ನೋಡುತ್ತಿದ್ದ. ಮದುವೆಯ ಮಾತಿಗೆಂದು ಮೊದಲ ಸಲ ನಮ್ಮ ಮನೆಗೆ ಬಂದಾಗಲೂ ಅದೇ ಕಥೆ. ನಮ್ಮಕ್ಕ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಎದುರಿಗೆ ಕೂತಿದ್ದಾಳೆ, ಇವನು ಮೂಲೆಯಲ್ಲಿ ತುಕ್ಕು ಹಿಡಿದ ತಗಡನ್ನು ನೋಡುತ್ತಿದ್ದಾನೆ. ಹುಡುಗನಿಗೆ ಮೆಳ್ಳೆಗಣ್ಣೇನೋ ಎಂದು ನಮ್ಮಮ್ಮ ಒಳಗೆ ಬಂದು ಪಿಸುಗುಟ್ಟಿದಳು. ಹೊರಡುವಾಗ ಅವನು ಆಡಿದ್ದು ಒಂದೇ ಮಾತು, ಆ ಮೂಲೆಗೆ ಹಾಕಿರುವ ಸ್ಕ್ರೂ ಸಾಲದು, ನಾಳೆ ಬಂದು ಹಾಕಿಕೊಡುತ್ತೇನೆ ಎಂದು. ಮರುದಿನ ಬಂದ, ಹಾಕಿಕೊಟ್ಟ. ಏಣಿಯ ಕೆಳಗೆ ನಿಂತು ಒಂದೊಂದೇ ಸ್ಕ್ರೂ ಎತ್ತಿಕೊಟ್ಟವಳು ನಮ್ಮಕ್ಕ. ಏಣಿ ಇಳಿಯುವ ಹೊತ್ತಿಗೆ ಮದುವೆ ಗಟ್ಟಿಯಾಗಿತ್ತು.

ಅಕ್ಕನ ಗಂಡನನ್ನು ಅವನು ಇವನು ಎಂದು ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ತಿಳಿದರೂ ನನಗೇನೂ ಬೇಜಾರಿಲ್ಲ. ಅಕ್ಕ ಇರುವವರೆಗೆ ನಾನೂ ಭಾವ ಬಂದರು, ಭಾವ ಹೋದರು ಎಂದೇ ಹೇಳುತ್ತಿದ್ದವನು. ಆ ಮರ್ಯಾದೆಯೆಲ್ಲ ಅವಳ ಜೊತೆ ಮಣ್ಣಿಗೆ ಹೋಯಿತು.

ಊರಿನಲ್ಲಿ ಅವನಿಗೆ ತಗಡು ಮೇಸ್ತ್ರಿ ಎಂದೇ ಹೆಸರು. ನಮ್ಮದು ಪುಟ್ಟ ಊರು. ಒಂದು ಮುಖ್ಯ ಬೀದಿ, ಅದರ ಎರಡೂ ಕಡೆ ಅಂಗಡಿಗಳು, ಹಿಂದೆ ನಾಲ್ಕಾರು ಓಣಿ, ಕೊನೆಯಲ್ಲಿ ಹಿಟ್ಟಿನ ಗಿರಣಿ, ಅದರಾಚೆ ಕಣ್ಣು ಹಾಯುವಷ್ಟು ದೂರ ಬಯಲು. ಗಾಳಿಗೆ ತಡೆ ಎನ್ನುವುದೇ ಇಲ್ಲ. ಮನೆಗಳೆಲ್ಲ ತಗಡು ಹೊದಿಸಿದಂಥವು. ನಾನು ಮುಖ್ಯ ಬೀದಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. ಬೇರೆಯವರು ಸ್ಕ್ರೂ ಕೊಂಡರೆ ತೂಗಿ ಕೊಟ್ಟದ್ದನ್ನು ಒಯ್ಯುತ್ತಾರೆ. ಭಾವ ಮಾತ್ರ ಒಂದೊಂದು ಸ್ಕ್ರೂವಿನ ರಬ್ಬರ್ ವಾಷರನ್ನೂ ಬೆರಳಲ್ಲಿ ಹಿಚುಕಿ ನೋಡಿ, ಗಟ್ಟಿಯಾದದ್ದನ್ನೆಲ್ಲ ನನ್ನ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟು ಹೋಗುತ್ತಿದ್ದ. ಗಿರಾಕಿಗಳ ಮುಂದೆ ಮಾನ ಹೋಗುತ್ತಿತ್ತು. ಆದರೂ ಭಾವ ಅಲ್ಲವೇ, ಹಲ್ಲು ಕಚ್ಚಿಕೊಂಡು ಬದಲಿಸಿ ಕೊಡುತ್ತಿದ್ದೆ.

ತಗಡು ಹೊದಿಸುವವರೆಲ್ಲ ಕೆಲಸ ಮುಗಿದ ಮೇಲೆ ಕಾಲಲ್ಲಿ ಒಮ್ಮೆ ಕುಟ್ಟಿ ನೋಡಿ ಇಳಿದುಬಿಡುತ್ತಾರೆ. ಭಾವ ಇಳಿದು ಮನೆಯೊಳಗೆ ಬರುತ್ತಿದ್ದ. ಸ್ಟೂಲೋ ಮಂಚವೋ ಸಿಕ್ಕಿದ್ದರ ಮೇಲೆ ಹತ್ತಿ, ಎರಡೂ ಅಂಗೈಗಳನ್ನು ತಗಡಿಗೆ ಕೊಟ್ಟು ಮೇಲಕ್ಕೆ ತಳ್ಳಿ ನೋಡುತ್ತಿದ್ದ. ಗಾಳಿ ಚಾವಣಿಯನ್ನು ಮೇಲಿನಿಂದ ಒತ್ತುವುದಿಲ್ಲ, ಕೆಳಗಿನಿಂದ ಎತ್ತುತ್ತದೆ ಎನ್ನುತ್ತಿದ್ದ. ಮನೆಯವರು ಮಲಗಿರಲಿ, ಉಣ್ಣುತ್ತಿರಲಿ, ಈ ತಳ್ಳಾಟ ಆಗದೆ ಅವನು ಸಾಮಾನು ಕಟ್ಟಿದ್ದಿಲ್ಲ. ಹೊಸದಾಗಿ ಮದುವೆಯಾದ ಒಂದು ಜೋಡಿಯ ಹಾಸಿಗೆಯ ಮೇಲೆ ಕೆಸರುಗಾಲಲ್ಲೇ ಹತ್ತಿ ಬೈಸಿಕೊಂಡು ಬಂದದ್ದನ್ನು ಅಕ್ಕ ನಮ್ಮೆಲ್ಲರ ಮುಂದೆ ಮಾಡಿ ತೋರಿಸಿ, ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಇಂಥವನ ಮನೆಯ ಅಡುಗೆಕೋಣೆಗೆ ತಗಡಿತ್ತು, ಸ್ಕ್ರೂ ಇರಲಿಲ್ಲ. ಮನೆಯ ಹಿಂದೆ ಆಮೇಲೆ ಸೇರಿಸಿ ಕಟ್ಟಿದ ಕೋಣೆ ಅದು. ಯಾರದೋ ಕೆಲಸದಲ್ಲಿ ಮಿಕ್ಕಿದ ತಗಡು ತಂದು ಹಾಸಿ, ಹಾರದಿರಲೆಂದು ಮೇಲೆ ಇಟ್ಟಿಗೆ ಹೇರಿದ್ದ. ಸದ್ಯಕ್ಕೆ ಇರಲಿ ಎಂದಿದ್ದ. ಅಕ್ಕ ಹೇಳಿದಳು, ಜಗಳವಾಡಿದಳು, ನನ್ನ ಕೈಲೂ ಹೇಳಿಸಿದಳು. ಆಯ್ತು, ಆಯ್ತು ಎನ್ನುತ್ತಿದ್ದ. ಅವರ ಒಬ್ಬಳೇ ಮಗಳು, ಅಕ್ಕ ಮುದ್ದಿಗೆ ಗುಬ್ಬಿ ಎಂದು ಕರೆಯುತ್ತಿದ್ದವಳು, ಆ ಇಟ್ಟಿಗೆಗಳ ಕೆಳಗೇ ಅಂಬೆಗಾಲಿಟ್ಟು, ನಡೆದು, ಶಾಲೆಗೆ ಹೋಗುವಷ್ಟು ದೊಡ್ಡವಳಾದಳು. ಆಯ್ತು ಮಾತ್ರ ಆಗಲಿಲ್ಲ.

ಸುಂಟರಗಾಳಿ ಬಂದದ್ದು ಅಡುಗೆಯ ಹೊತ್ತಿಗೆ. ಬಯಲ ಕಡೆಯ ಆಕಾಶ ಹಸಿರುಗಟ್ಟಿತ್ತು. ಮೋಡದಿಂದ ಕೊಳಕು ಬಟ್ಟೆ ಇಳಿಬಿಟ್ಟ ಹಾಗೆ ಏನೋ ಒಂದು ತಿರುಗುತ್ತಾ ಊರಿನತ್ತ ಬರುವುದನ್ನು ಕಂಡು ನಾನು ಅಂಗಡಿಯ ಮೇಜಿನಡಿ ನುಗ್ಗಿದೆ. ಸದ್ದು ಕಿವಿಯೊಳಗೆ ಬಂದು ಕೂತುಬಿಟ್ಟಿತು. ಎದ್ದು ಹೊರಗೆ ಬಂದಾಗ ಲೈಟುಕಂಬಗಳೆಲ್ಲ ಬೀದಿಯಲ್ಲಿ ಮಲಗಿದ್ದವು. ಗಿರಣಿಯ ಗೋಡೆ ಇರಲಿಲ್ಲ. ಯಾರದೋ ಕಾರು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಹೋಗಿ ಕೂತಿತ್ತು. ಭಾವ ಹೊದಿಸಿದ ತಗಡುಗಳು ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ಅವನಾಗ ಊರಾಚೆ ಯಾರದೋ ಕೊಟ್ಟಿಗೆಗೆ ತಗಡು ಹೊದಿಸುತ್ತಿದ್ದ. ಅವನ ಮನೆಯ ಅಡುಗೆಕೋಣೆಯ ತಗಡು ಎದ್ದು ಹಾರಿಹೋಗಿ, ಮೇಲಿದ್ದ ಇಟ್ಟಿಗೆಗಳು ಒಳಗೆ ಬಿದ್ದಿದ್ದವು. ಅಕ್ಕ ಒಲೆಯ ಮುಂದಿದ್ದಳು. ಅವಳನ್ನು ಎತ್ತಿದವನು ನಾನು. ಅದಕ್ಕಿಂತ ಹೆಚ್ಚು ಬರೆಯಲಾರೆ.

ಗುಬ್ಬಿ ಅವತ್ತು ಶಾಲೆಯಲ್ಲಿದ್ದಳು. ಮಣ್ಣು ಮಾಡಿ ಬರುವಾಗ ಅಪ್ಪನ ಕೈ ಬಿಡಿಸಿಕೊಂಡು ನನ್ನ ಹೆಂಡತಿಯ ಪಕ್ಕ ಬಂದು ನಡೆದಳು. ಹಾಗೇ ನಮ್ಮ ಮನೆಗೆ ಬಂದಳು, ಇಲ್ಲೇ ಉಳಿದಳು. ಅಪ್ಪನ ಜೊತೆ ಮಾತು ನಿಂತುಹೋಯಿತು. ಬೈದಿದ್ದರೆ, ಅತ್ತಿದ್ದರೆ ಅವನು ಹೇಗೋ ತಾಳಿಕೊಳ್ಳುತ್ತಿದ್ದನೇನೋ. ಅವಳು ಬೈಯಲೂ ಇಲ್ಲ. ಎದುರಿಗೆ ಬಂದರೆ ಯಾರೋ ದಾರಿಹೋಕ ಎನ್ನುವ ಹಾಗೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳು. ನಮ್ಮ ಮನೆಯ ಚಾವಣಿ ನೋಡಲು ಅವನು ವರ್ಷಕ್ಕೊಮ್ಮೆ ಕರೆಯದೇ ಬರುತ್ತಿದ್ದ. ಅವನು ಇಳಿದು ಹೋಗುವ ತನಕ ಇವಳು ಪಕ್ಕದ ಮನೆಯಲ್ಲಿ ಕೂತಿರುತ್ತಿದ್ದಳು. ಗುಬ್ಬಿಯ ಹಾಸಿಗೆಯ ಮೇಲಿನ ತಗಡನ್ನು ಅವನು ಉಳಿದವಕ್ಕಿಂತ ಹೆಚ್ಚು ಹೊತ್ತು ತಳ್ಳಿ ನೋಡುತ್ತಾನೆ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಅವಳಿಗೆ ಅವನ ಮೇಲೆ ಮರುಕ. ನನಗಿರಲಿಲ್ಲ.

ಸಂಜೆ ಅಂಗಡಿಗೆ ಬಂದು ವಾಷರ್ ಹಿಚುಕುತ್ತಾ ಭಾವ ಕೇಳುತ್ತಿದ್ದುದು ಒಂದೇ ಪ್ರಶ್ನೆ, ಗುಬ್ಬಿ ನನ್ನ ವಿಷಯ ಏನಾದರೂ ಕೇಳಿದಳಾ ಎಂದು. ಇಲ್ಲ ಎನ್ನುತ್ತಿದ್ದೆ. ಅವನು ತಲೆಯಾಡಿಸಿ ಹೋಗುತ್ತಿದ್ದ. ಅವಳ ಬಾಯಿಂದ ಒಂದು ಮಾತು ಬಿದ್ದರೆ ಸಾಕು ಎಂದು ಅವನು ಜೀವ ಹಿಡಿದುಕೊಂಡಿದ್ದಾನೆ ಎನ್ನುವುದು ಇಡೀ ಬೀದಿಗೆ ಗೊತ್ತಿತ್ತು. ಅಡುಗೆಕೋಣೆಯ ತಗಡನ್ನು ಯಾಕೆ ಹಾಗೆ ಬಿಟ್ಟಿದ್ದೆ ಎಂದು ಮಾತ್ರ ಅವನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಅವನು ಏನೋ ಒಂದು ಕಾರಣ ಹೇಳಿಬಿಡುತ್ತಾನೆ, ಆಮೇಲೆ ನನ್ನ ಸಿಟ್ಟನ್ನು ಎಲ್ಲಿಟ್ಟುಕೊಳ್ಳಲಿ.

ಹೀಗೆ ಏಳೆಂಟು ವರ್ಷ ಕಳೆದ ಮೇಲೆ ಊರಿಗೆ ಸಿನಿಮಾದವರು ಬಂದರು.

ಸುಂಟರಗಾಳಿಗೆ ಸಿಕ್ಕಿ ಹಾಳಾಗುವ ಸಣ್ಣ ಊರಿನ ಕಥೆಯಂತೆ. ನಮ್ಮ ಊರಿನ ಹಳೆಯ ಫೋಟೋಗಳನ್ನು ಪೇಪರಿನಲ್ಲಿ ನೋಡಿ, ಇಲ್ಲೇ ತೆಗೆದರೆ ಅಸಲಿಯಾಗಿರುತ್ತದೆ ಎಂದು ಬಂದಿದ್ದರು. ಎಷ್ಟು ಲಾರಿ, ಎಷ್ಟು ಡೇರೆ, ಎಷ್ಟು ಜನ. ಆಳೆತ್ತರದ ಫ್ಯಾನುಗಳು ಬಂದವು, ನೀರು ಹಾರಿಸುವ ಪೈಪುಗಳು ಬಂದವು, ಮೂಟೆಗಟ್ಟಲೆ ಧೂಳು ಬಂತು. ನಮ್ಮ ಊರಿಗೆ ಧೂಳನ್ನೂ ಹೊರಗಿನಿಂದ ತರಿಸಿದ ಪುಣ್ಯಾತ್ಮರು ಅವರು. ಊರಿನವರೆಲ್ಲ ಕೆಲಸ ಬಿಟ್ಟು ಓಡುವ, ಅಳುವ, ಬೀಳುವ ಜನರಾಗಿ ಸೇರಿಕೊಂಡರು. ಕ್ಷೌರದಂಗಡಿಯವನ ಒಂದು ಕೂದಲೂ ಅಂದಿನ ಗಾಳಿಗೆ ಕೊಂಕಿರಲಿಲ್ಲ. ಅವನೇ ಎಲ್ಲರಿಗಿಂತ ಚೆನ್ನಾಗಿ ಎದೆ ಬಡಿದುಕೊಂಡು ಅತ್ತ. ನಿಜವಾಗಿ ಮನೆ ಕಳೆದುಕೊಂಡಿದ್ದ ಅಂಚೆಯವನಿಗೆ ಕ್ಯಾಮೆರಾ ಮುಂದೆ ನಗು ತಡೆಯಲಾಗದೆ ಅವನನ್ನು ವಾಪಸು ಕಳಿಸಿದರು.

ಬಯಲಿನಲ್ಲಿ ಒಂದು ಸಾಲು ಮನೆ ಎಬ್ಬಿಸಿದರು. ದೂರದಿಂದ ನೋಡಿದರೆ ನಮ್ಮ ಓಣಿಯೇ. ಹತ್ತಿರ ಹೋಗಿ ಗೋಡೆ ತಟ್ಟಿದರೆ ಪ್ಲೈವುಡ್ಡು. ಮೇಲೆ ಹೊದಿಸಲು ತಗಡಿನವನು ಬೇಕೆಂದಾಗ ಯಾರೋ ಭಾವನನ್ನು ತೋರಿಸಿದರು. ಕೆಲಸ ಏನೆಂದರೆ, ಚಾವಣಿ ಹಾರಬೇಕು. ತಗಡಿಗೆ ತಂತಿಹಗ್ಗ ಕಟ್ಟಿ ಕ್ರೇನಿನಿಂದ ಎಳೆಯುತ್ತಾರೆ. ಎಳೆದ ಕೂಡಲೇ ಕಿತ್ತುಕೊಂಡು ಬರಬೇಕಾದ್ದರಿಂದ ಮೂಲೆಗೊಂದರಂತೆ ಮೆತ್ತನೆಯ ಸ್ಕ್ರೂ ಸಾಕು, ವಾಷರ್ ಬೇಡವೇ ಬೇಡ. ಜೀವಮಾನವೆಲ್ಲ ತಗಡು ಹಾರದ ಹಾಗೆ ಕೂರಿಸಿದವನಿಗೆ ಇದನ್ನು ಹೇಳಿದಾಗ ಅವನು ತಿರುಗಿ ಬಂದುಬಿಡುತ್ತಾನೆ ಎಂದುಕೊಂಡಿದ್ದೆ. ಅವನು ಒಪ್ಪಿಕೊಂಡ. ಗುಬ್ಬಿ ಹೊಲಿಗೆಯಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು, ಸಿನಿಮಾದವರ ಬಟ್ಟೆ ಹೊಲಿಯಲು ಅಲ್ಲಿಗೆ ಹೋಗುತ್ತಿದ್ದಳು. ಇಡೀ ದಿನ ಅವಳು ಕಣ್ಣಿಗೆ ಬೀಳುತ್ತಾಳಲ್ಲ, ಅಷ್ಟಕ್ಕೇ ಒಪ್ಪಿದ್ದ.

ನಾಯಕಿಯ ಪಾತ್ರದ ಹುಡುಗಿ ಅಡುಗೆಮನೆಯಲ್ಲಿರುವಾಗ ಚಾವಣಿ ಹಾರುವ ದೃಶ್ಯ ಒಂದಿತ್ತು. ಆ ನಟಿಯನ್ನು ತಗಡಿನ ಕೆಳಗೆ ನಿಲ್ಲಿಸಲು ಅವರಿಗೆ ಧೈರ್ಯವಿಲ್ಲ. ಅಳತೆ ತೆಗೆಯಲು ಹೋಗಿದ್ದ ಗುಬ್ಬಿಯ ಎತ್ತರ, ಜಡೆ ಎಲ್ಲ ಅವಳಂತೆಯೇ ಇವೆ ಎಂದು ಯಾರಿಗೋ ಹೊಳೆಯಿತು. ಹಿಂದಿನಿಂದ ತೆಗೆಯುತ್ತೇವೆ, ಮುಖ ಕಾಣುವುದಿಲ್ಲ, ನೀನೇ ನಿಲ್ಲು ಎಂದರು. ಇವಳು ಹೂಂ ಎಂದು ಬಂದಳು.

ನನ್ನ ಹೆಂಡತಿ ಕೈಲಿದ್ದ ಪಾತ್ರೆ ಕೆಳಗಿಟ್ಟು, ಸುತರಾಂ ಬೇಡ ಎಂದಳು. ನಾನೂ ಗದರಿದೆ. ಗುಬ್ಬಿ ಸೂಜಿಗೆ ದಾರ ಪೋಣಿಸುತ್ತಾ ಕೂತಿದ್ದಳು. ತಲೆ ಎತ್ತದೆ ನನ್ನನ್ನು ಕೇಳಿದಳು.

“ಮಾಮ, ಅಮ್ಮ ಮೇಲೆ ನೋಡಿರ್ತಾಳಾ?”

ಯಾವಾಗ ಎಂದು ಕೇಳಿದೆ.

“ಸದ್ದು ಕೇಳಿ ತಲೆ ಎತ್ತಿರ್ತಾಳಾ, ಇಲ್ಲ ಏನೂ ಗೊತ್ತಾಗದೇ ಹೋಗಿಬಿಟ್ಲಾ? ನಂಗೆ ದಿನಾ ಅದೇ ಯೋಚ್ನೆ. ಅಲ್ಲಿ ನಿಂತ್ಕೊಂಡ್ರೆ ಗೊತ್ತಾಗುತ್ತೆ.”

ಇಷ್ಟು ವರ್ಷ ನಮ್ಮ ಜೊತೆ ಉಂಡು, ನಕ್ಕು, ಹಬ್ಬಿದ ಬಳ್ಳಿಯ ಹಾಗೆ ಬೆಳೆದ ಹುಡುಗಿ ಮನಸ್ಸಿನಲ್ಲಿ ಇದನ್ನಿಟ್ಟುಕೊಂಡು ಓಡಾಡುತ್ತಿದ್ದಳು ಎಂದು ನನಗೆ ಗೊತ್ತಾದದ್ದು ಅವತ್ತೇ. ನಾನೂ ಜೊತೆಗೆ ಬರುತ್ತೇನೆ ಎಂದೆ, ಅಷ್ಟೇ.

ಆ ದೃಶ್ಯ ತೆಗೆಯುವ ದಿನ ಬೆಳಿಗ್ಗೆ ಅಂಗಡಿ ಮುಚ್ಚಿ ಅವಳ ಜೊತೆ ಬಯಲಿಗೆ ಹೋದೆ. ಭಾವ ಆಗಲೇ ಆ ಮನೆಯ ಮೇಲೆ ಕೂತಿದ್ದ. ಕೆಳಗೆ ಸಿನಿಮಾದವರ ಪೈಕಿ ಒಬ್ಬ ಟೋಪಿಯವನು ಹಳೆಯ ಫೋಟೋ ಹಿಡಿದುಕೊಂಡು ಎಲ್ಲವನ್ನೂ ಅದರಲ್ಲಿದ್ದಂತೆ ಜೋಡಿಸಲು ಹೇಳುತ್ತಿದ್ದ. ಬಡವರ ಮನೆ ಎಂದು ಕಾಣಬೇಕಾದರೆ ತಗಡಿನ ಮೇಲೆ ಇಟ್ಟಿಗೆ ಬೇಕು ಎಂದು ಅವನ ಹಟ. ಇಟ್ಟಿಗೆ ಬಣ್ಣ ಬಳಿದ ಸ್ಪಂಜಿನ ತುಂಡುಗಳನ್ನು ಬುಟ್ಟಿಯಲ್ಲಿ ಮೇಲೆ ಕಳಿಸಿದರು. ಭಾವ ಒಂದೊಂದನ್ನೇ ತೆಗೆದು ಇಡುತ್ತಿದ್ದ. ಎರಡು ಬೆರಳಲ್ಲಿ ಎತ್ತಬಹುದಾದ ಸ್ಪಂಜನ್ನು ಅವನು ಎರಡೂ ಕೈಯಲ್ಲಿ ಹಿಡಿದು, ಭಾರವಾದದ್ದನ್ನು ಇಳಿಸುವ ಹಾಗೆ ನಿಧಾನಕ್ಕೆ ಇಳಿಸುತ್ತಿದ್ದ.

ಟೋಪಿಯವನು ಗುಬ್ಬಿಯನ್ನು ಒಲೆಯ ಮುಂದೆ ನಿಲ್ಲಿಸಿ ಎಲ್ಲ ವಿವರಿಸಿದ. ಕೆಂಪು ಬಟ್ಟೆ ಬೀಸುತ್ತೇನೆ, ಚಾವಣಿ ಹೋಗುತ್ತದೆ, ನೀನು ಮೇಜಿನ ಕೆಳಗೆ ಕೂತುಬಿಡು, ಕೆಲಸ ಮುಗಿಯಿತು. ಹೆದರಿಕೆ ಏನೂ ಇಲ್ಲ ತಾನೇ ಎಂದು ಕೇಳಿದ. ಗುಬ್ಬಿ ಕತ್ತೆತ್ತಿ ತಗಡಿನ ಸಂದಿಯಲ್ಲಿ ಕಾಣುತ್ತಿದ್ದ ಅಪ್ಪನ ಕಾಲುಗಳನ್ನು ನೋಡಿದಳು.

“ಹೆದರಿಕೆ ಯಾಕೆ? ಬಿಗಿ ಮಾಡ್ದೆ ಬಿಡೋದ್ರಲ್ಲಿ ನಮ್ಮ ಮೇಸ್ತ್ರಿ ಕೈ ಪಳಗಿದೆ.”

ಟೋಪಿಯವನು ಅದನ್ನು ಹೊಗಳಿಕೆ ಎಂದುಕೊಂಡು ನಕ್ಕ. ಮೇಲೆ ಭಾವನ ಕೈ ಹಾಗೇ ನಿಂತಿತು. ಇಷ್ಟು ವರ್ಷಗಳಲ್ಲಿ ಅವನ ಕಿವಿಗೆ ಬೀಳಲೆಂದು ಅವಳು ಆಡಿದ ಮೊದಲ ಮಾತು ಅದು. ಹೊರಗೆ ನಿಂತಿದ್ದ ನಾನು ಅವನ ಮುಖ ನೋಡಲಿಲ್ಲ, ನೋಡಲು ಮನಸ್ಸಾಗಲಿಲ್ಲ. ಅವಳು ಹೇಳಿದ್ದು ಸರಿಯಾಗಿಯೇ ಇದೆ ಎಂದು ಒಳಗೊಳಗೇ ಒಂದು ಖುಷಿಯೂ ಆಗಿತ್ತು ಎಂದರೆ ನಂಬಿ.

ಊಟದ ಹೊತ್ತಿಗೆ ಎಲ್ಲರೂ ಡೇರೆಗೆ ಹೋದರು. ಭಾವ ಬರಲಿಲ್ಲ. ಮೇಲಿನಿಂದ ಡ್ರಿಲ್ಲಿನ ಸದ್ದು ಕೇಳುತ್ತಿತ್ತು. ತಗಡಿನವನು ತಗಡಿನ ಮೇಲೆ ಕೂತು ಕೆಲಸ ಮಾಡುತ್ತಿದ್ದರೆ ಯಾರು ಏನು ಕೇಳುತ್ತಾರೆ. ಗುಬ್ಬಿ ಮರೆತು ಬಂದಿದ್ದ ಚೀಲ ತರಲು ನಾನು ಹಿಂತಿರುಗಿ ಹೋದಾಗ ಅವನು ಅಡುಗೆಮನೆಯ ಮೇಜಿನ ಮೇಲೆ ನಿಂತು, ಎರಡೂ ಅಂಗೈ ಮೇಲಕ್ಕೆ ಕೊಟ್ಟು ತಗಡನ್ನು ತಳ್ಳುತ್ತಿದ್ದುದು ಕಿಟಕಿಯಿಂದ ಕಾಣಿಸಿತು. ಹಾರಬೇಕಾದ ಚಾವಣಿಗೆ ಈ ಪರೀಕ್ಷೆ ಯಾಕೋ ಎಂದುಕೊಂಡೆ. ಅಭ್ಯಾಸಬಲ, ಕೈ ಸುಮ್ಮನಿರುವುದಿಲ್ಲ ಎಂದುಕೊಂಡು ಚೀಲ ಎತ್ತಿಕೊಂಡು ಹೋದೆ.

ಅವನು ಏನು ಮಾಡಿದ್ದ ಎನ್ನುವುದು ಆಮೇಲೆ ಅವನ ಬಾಯಿಂದಲೇ ತಿಳಿಯಿತು. ಮೆತ್ತನೆಯ ಸ್ಕ್ರೂಗಳನ್ನೆಲ್ಲ ತೆಗೆದು, ತನ್ನ ಚೀಲದಲ್ಲಿದ್ದ ಉದ್ದನೆಯ ಕಬ್ಬಿಣದ ಸ್ಕ್ರೂಗಳನ್ನು ಒಳ್ಳೆಯ ವಾಷರ್ ನೋಡಿ ನೋಡಿ, ಎಲ್ಲೆಲ್ಲಿ ಹಾಕಬೇಕೋ ಅಲ್ಲೆಲ್ಲ ಹಾಕಿದ್ದ. ಕ್ರೇನ್ ಎಳೆಯುತ್ತದೆ, ತಗಡು ಬರುವುದಿಲ್ಲ, ಎಲ್ಲರೂ ಸೇರಿ ಉಗಿದು ತನ್ನನ್ನು ಓಡಿಸುತ್ತಾರೆ, ದೃಶ್ಯ ನಿಂತುಹೋಗುತ್ತದೆ. ಅಷ್ಟೇ ಅವನ ಲೆಕ್ಕ. ಆದರೆ ಅದು ಸಿನಿಮಾದ ಮನೆ. ಸಂಜೆ ಬಿಚ್ಚಿ ಲಾರಿಗೆ ಹಾಕಬೇಕಾದ್ದರಿಂದ ಕಂಬಗಳನ್ನು ನೆಲದಲ್ಲಿ ಹುಗಿದಿರಲಿಲ್ಲ. ಹಲಗೆಯ ಮೇಲೆ ನಿಲ್ಲಿಸಿ ಸುತ್ತ ಮರಳಿನ ಚೀಲ ಒತ್ತರಿಸಿದ್ದರು. ಬೇರೆ ಯಾರಾದರೂ ಆಗಿದ್ದರೆ ಒಳಗೆ ಬಂದಾಗ ಕಾಲಬಳಿ ಇದ್ದ ಆ ಚೀಲಗಳನ್ನು ಕಾಣುತ್ತಿದ್ದರು. ಹುಟ್ಟಿದಂದಿನಿಂದ ಮೇಲೆ ನೋಡಿದ ಮನುಷ್ಯ ಅವತ್ತೂ ಮೇಲೇ ನೋಡಿದ.

ಫ್ಯಾನುಗಳು ತಿರುಗಿದವು. ನೀರು, ಧೂಳು, ಹರಿದ ಎಲೆ ಎಲ್ಲ ಒಟ್ಟಿಗೆ ಎದ್ದವು. ಗುಬ್ಬಿ ಒಲೆಯ ಮುಂದೆ ನಿಂತಿದ್ದಳು. ಟೋಪಿಯವನು ಕೆಂಪು ಬಟ್ಟೆ ಬೀಸಿದ, ಕ್ರೇನು ಎಳೆಯಿತು. ತಗಡು ಅಲುಗಲಿಲ್ಲ. ಇನ್ನೂ ಎಳೆ ಎಂದು ಯಾರೋ ಕೂಗಿದರು. ತಂತಿಹಗ್ಗ ಬಿಗಿದು ಕಿರುಗುಟ್ಟಿತು. ಆಮೇಲೆ ಆ ಇಡೀ ಮನೆ, ಗೋಡೆ ಕಿಟಕಿ ಬಾಗಿಲು ಸಮೇತ, ನೆಲ ಬಿಟ್ಟು ಮೇಲೆದ್ದಿತು. ಕಂಬಗಳು ಗಾಳಿಯಲ್ಲಿ ತೂಗಾಡುತ್ತಿದ್ದವು. ಗುಬ್ಬಿ ಮೇಜಿನ ಕೆಳಗೆ ಕೂರಲಿಲ್ಲ. ಮುಖವೆತ್ತಿ ಅದನ್ನೇ ನೋಡುತ್ತಾ ನಿಂತಿದ್ದಳು. ಓಡು ಎಂದು ನಾನು ಕೂಗಿದ್ದು ಆ ಫ್ಯಾನುಗಳ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ತಂತಿಹಗ್ಗ ತುಂಡಾಯಿತು, ಮನೆ ವಾಲಿಕೊಂಡು ಅವಳ ಮೇಲೆ ಬಿತ್ತು.

ಮನೆ ಮೇಲೇಳುವ ಆ ದೃಶ್ಯ ಸಿನಿಮಾದಲ್ಲಿ ಹಾಗೇ ಇದೆಯಂತೆ. ಬೀಳುವುದಕ್ಕೆ ಮೊದಲೇ ಕತ್ತರಿಸಿದ್ದಾರಂತೆ. ಇಡೀ ಸಿನಿಮಾದಲ್ಲಿ ಅದೊಂದೇ ನಿಜ ಅನಿಸುತ್ತದೆ ಎಂದು ನೋಡಿ ಬಂದವರು ನನಗೇ ಹೇಳಿದ್ದಾರೆ. ನಾನು ನೋಡಿಲ್ಲ, ನೋಡುವುದೂ ಇಲ್ಲ.

ಎಲ್ಲರೂ ಓಡಿದೆವು. ತಗಡು ಕಿತ್ತು ಸರಿಸಿದರೆ ಅವಳನ್ನು ಎಳೆದುಕೊಳ್ಳಬಹುದಿತ್ತು. ತಗಡು ಕೀಳಲು ಬರಲಿಲ್ಲ. ನಾಲ್ಕು ಜನ ಗಟ್ಟಿಗರು ಅಂಚು ಹಿಡಿದು ಜಗ್ಗಿದರೂ ಸ್ಕ್ರೂಗಳು ಜಪ್ಪಯ್ಯ ಎನ್ನಲಿಲ್ಲ. ಕೆಳಗಿನಿಂದ ಅವಳ ನರಳಾಟ ಕೇಳುತ್ತಿತ್ತು. ಭಾವ ಎಲ್ಲರನ್ನೂ ಆಚೆ ದೂಡಿ, ಮಂಡಿಯೂರಿ ಕೂತು, ತಾನು ಹಾಕಿದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಬೇರೆ ದಾರಿಯೇ ಇರಲಿಲ್ಲ. ಡ್ರಿಲ್ಲು ಜಾರಿ ಜಾರಿ ಹೋಗುತ್ತಿತ್ತು. ಒಂದು ಬಿಚ್ಚಿದರೆ ಇನ್ನೊಂದು. ಸುತ್ತ ನಿಂತವರು ಬೇಗ ಬೇಗ ಎನ್ನುತ್ತಿದ್ದರು. ಅವನು ನಾನೇ ಹಾಕಿದ್ದು, ನಾನೇ ಹಾಕಿದ್ದು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾ ಬಿಚ್ಚುತ್ತಿದ್ದ. ಅವನು ಏನು ಮಾಡಿದ್ದಾನೆ ಎನ್ನುವುದು ನಮಗೆ ಅರ್ಥವಾದದ್ದು ಆಗಲೇ.

ಸೊಂಟದ ಮೂಳೆ, ತೊಡೆಯ ಮೂಳೆ ಎರಡೂ ಮುರಿದಿದ್ದವು. ಜೀವಕ್ಕೆ ಅಪಾಯವಿಲ್ಲ, ನಡೆಯುತ್ತಾಳೆ, ಆದರೆ ಕಾಲು ಮೊದಲಿನಂತಾಗುವುದಿಲ್ಲ, ಹೊಲಿಗೆ ಯಂತ್ರ ತುಳಿಯುವುದಂತೂ ಮರೆತುಬಿಡಿ ಎಂದರು ಡಾಕ್ಟರು. ಸಿನಿಮಾದವರು ಒಮ್ಮೆ ಬಂದು ಮುಖ ತೋರಿಸಿ, ತಪ್ಪು ನಿಮ್ಮ ಮೇಸ್ತ್ರಿಯದು ಎಂದು ಹೇಳಿ ಹೋದರು. ಅದು ಸುಳ್ಳಲ್ಲ ಎನ್ನುವುದೇ ನಮ್ಮ ಗ್ರಹಚಾರ. ಭಾವ ಆಸ್ಪತ್ರೆಯ ಹೊರಗಿನ ಬೆಂಚು ಬಿಟ್ಟು ಕದಲಲಿಲ್ಲ. ಒಳಗೆ ಬರುವ ಧೈರ್ಯವೂ ಅವನಿಗಿಲ್ಲ. ನನ್ನ ಹೆಂಡತಿ ಊಟ ತಂದುಕೊಟ್ಟರೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದ. ಅವನ ಮುಂದೆ ಹಾದುಹೋಗುವಾಗಲೆಲ್ಲ ಕೊರಳುಪಟ್ಟಿ ಹಿಡಿದು ಎರಡು ಬಿಗಿಯಬೇಕು ಎಂದು ನನ್ನ ಕೈ ತುರಿಸುತ್ತಿತ್ತು. ಬಿಗಿಯದೆ ಬಿಟ್ಟು ತಾಯಿಯನ್ನು ಕೊಂದೆ, ಬಿಗಿದು ಮಗಳನ್ನು ಕುಂಟಿ ಮಾಡಿದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು.

ಗುಬ್ಬಿ ಸರಿಯಾಗಿ ಕಣ್ಣು ಬಿಟ್ಟ ದಿನ ನಾನು ಪಕ್ಕದಲ್ಲಿದ್ದೆ. ನೀರು ಕುಡಿಸಿದೆ. ಲೋಟ ಪಕ್ಕಕ್ಕೆ ಸರಿಸಿ, “ನೋಡಿರ್ತಾಳೆ ಮಾಮ. ಆ ಸದ್ದಿಗೆ ತಲೆ ಎತ್ತದೆ ಇರೋಕಾಗಲ್ಲ” ಎಂದಳು. ನಾನು ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಇಷ್ಟು ವಯಸ್ಸಾದವನು ವಾರ್ಡಿನಲ್ಲಿ ಎಲ್ಲರ ಎದುರು ಅಳಬಾರದಿತ್ತು. ಆಮೇಲೆ ಅವಳು, ಚಾವಣಿ ಯಾಕೆ ಹಾರಲಿಲ್ಲ ಎಂದು ಕೇಳಿದಳು. ಮುಚ್ಚಿಡುವ ಮನಸ್ಸಿತ್ತು. ಆದರೆ ಇವತ್ತಲ್ಲ ನಾಳೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಊಟದ ಹೊತ್ತಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ಗೋಡೆಯ ಕಡೆ ನೋಡುತ್ತಾ ಮಲಗಿದ್ದಳು. ನಿದ್ದೆ ಬಂತೇನೋ ಎಂದುಕೊಳ್ಳುವಷ್ಟರಲ್ಲಿ, ಅವನನ್ನು ಒಳಗೆ ಕರೆ ಎಂದಳು.

ಕರೆದೆ. ಬೆಂಚಿನಿಂದ ಎದ್ದವನು ಅಂಗಿಯ ಗುಂಡಿ ಹಾಕಿಕೊಂಡ, ಕೂದಲು ಸವರಿಕೊಂಡ. ಮಗಳು ಮಾತಾಡಲು ಕರೆದಿದ್ದಾಳೆ ಎನ್ನುವ ಸಂತೋಷವೋ, ಏನು ಕಾದಿದೆಯೋ ಎನ್ನುವ ಭಯವೋ, ಚಪ್ಪಲಿ ಬೆಂಚಿನಡಿಯೇ ಬಿಟ್ಟು ಬರಿಗಾಲಲ್ಲಿ ಹೊರಟ. ಒಳಗೆ ಬಂದು ಮಂಚದ ಪಕ್ಕದ ಸ್ಟೂಲಿನ ಅಂಚಿನಲ್ಲಿ ಕೂತ. ಬ್ಯಾಂಡೇಜು ಸುತ್ತಿದ ಕಾಲನ್ನು ನೋಡಿ ಕಣ್ಣು ಕೆಳಗೆ ಹಾಕಿದ.

“ಎಷ್ಟು ಸ್ಕ್ರೂ ಹಾಕಿದ್ದೆ?” ಎಂದು ಗುಬ್ಬಿ ಕೇಳಿದಳು.

“ಎಲ್ಲಾ ಹಾಕ್ದೆ” ಎಂದ.

“ನಂಗೋಸ್ಕರ ಹಾಕೋಕೆ ಒಂದು ಊಟದ ಹೊತ್ತು ಸಾಕಾಯ್ತು. ಅಮ್ಮಂಗೆ ಯಾಕಪ್ಪ ಹಾಕ್ಲಿಲ್ಲ?”

ಅವಳು ಅಪ್ಪ ಎಂದು ಕರೆದದ್ದು ಅವನಿಗೆ ಕೇಳಿಸಿತು. ಅವನು ಏನಾದರೊಂದು ನೆಪ ಹೇಳಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ತಗಡು ಸಿಗಲಿಲ್ಲ ಎನ್ನಲಿ, ಮೈ ಸರಿಯಿರಲಿಲ್ಲ ಎನ್ನಲಿ, ನನ್ನ ಅಂಗಡಿಯ ಸ್ಕ್ರೂ ಸರಿಯಿಲ್ಲ ಎಂದಾದರೂ ಅನ್ನಲಿ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

“ನಮ್ಮನೆ ತಾನೇ, ಎಲ್ಲಿಗೆ ಹೋಗುತ್ತೆ ಅಂದ್ಕೊಂಡೆ” ಎಂದ. “ಅಷ್ಟೇ ಗುಬ್ಬಿ. ಬೇರೆ ಏನೂ ಇಲ್ಲ.”

ಇದಕ್ಕಿಂತ ದೊಡ್ಡದೊಂದು ಕಾರಣ ಇದ್ದಿರಬೇಕು ಎಂದು ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ. ಇಷ್ಟಕ್ಕೇ ನಮ್ಮಕ್ಕ ಹೋದಳೇ ಎನ್ನಿಸಿತು. ಹೊಡೆಯಬೇಕು ಎಂದಿದ್ದ ಕೈಯಿಂದ ಗುಬ್ಬಿಯ ಹೊದಿಕೆ ಸರಿಮಾಡಿದೆ.

ಗುಬ್ಬಿ ಕಣ್ಣು ಮುಚ್ಚಿದಳು. ನೀರು ಎರಡೂ ಕಡೆಯಿಂದ ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಅವಳು ಅವನನ್ನು ಕ್ಷಮಿಸಿದಳು ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ ಎಂದು ಭಾವನಿಗೆ ಅನ್ನಿಸಿರಬೇಕು. ಮಂಚದ ಕಂಬಿ ಹಿಡಿದುಕೊಂಡು ಎದ್ದು, ಬಾಗಿಲಿನ ಕಡೆ ಹೊರಟ.

“ಕೂತ್ಕೋ” ಎಂದಳು ಗುಬ್ಬಿ, ಕಣ್ಣು ಬಿಡದೆಯೇ.

ಅವನು ತಿರುಗಿ ಬಂದು ಕೂತ. ನರ್ಸಮ್ಮ ಬಂದು ಹೊತ್ತಾಯಿತು, ಎಲ್ಲರೂ ಹೊರಡಿ ಎಂದು ಹೇಳುವ ತನಕ ಅವನು ಆ ಸ್ಟೂಲು ಬಿಟ್ಟು ಏಳಲಿಲ್ಲ.